ಬೊಜ್ಜು, ಮಹಾಸಾಂಕ್ರಾಮಿಕ ಮತ್ತು ಉದ್ಯಮದ ಆರೋಗ್ಯ

ಕೋವಿಡ್-19 ಮಹಾಸಾಂಕ್ರಾಮಿಕದಿಂದ ಕಲಿತ ಪಾಠಗಳ ಪ್ರಸ್ತಾಪ ಬಂದಾಗಲೆಲ್ಲ ವಾಣಿಜ್ಯ ವಲಯದಲ್ಲಿ ಕೇಳಿಬರುವ ಮಾತುಗಳು ಬಹುತೇಕ ಒಂದೇ ಬಗೆಯವು. ಕಚ್ಚಾ ಸಾಮಗ್ರಿಗಾಗಿ ಒಬ್ಬನೇ ಸರಬರಾಜುದಾರನನ್ನು ನೆಚ್ಚಿಕೊಳ್ಳಬಾರದು, ದುಡಿಯುವ ಬಂಡವಾಳದಲ್ಲಿ ಕೆಲವು ತಿಂಗಳ ಮೀಸಲು ಇರಬೇಕು, ಮನೆಯಿಂದಲೇ ಕೆಲಸ ನಡೆಸುವ ವ್ಯವಸ್ಥೆ ಸಿದ್ಧವಿರಬೇಕು. ಇವೆಲ್ಲವೂ ಸರಿಯೇ. ಆದರೆ 2009ರಿಂದ ಈಚೆಗೆ ಸಾರ್ವಜನಿಕ ಆರೋಗ್ಯ ಸಂಶೋಧಕರು ಎರಡು ಮಹಾಸಾಂಕ್ರಾಮಿಕಗಳ ಅಂಕಿ ಅಂಶಗಳನ್ನು ಪರಿಶೀಲಿಸಿ ಮುಂದಿಟ್ಟಿರುವ ಇನ್ನೊಂದು ಪಾಠ ನಮ್ಮ ಚರ್ಚೆಗಳಲ್ಲಿ ಅಷ್ಟಾಗಿ ಕಾಣಿಸಿಕೊಂಡಿಲ್ಲ. ಸೋಂಕು ಬರುವುದಕ್ಕೆ ಮೊದಲೇ ದೇಹದಲ್ಲಿ ಶೇಖರಗೊಂಡಿದ್ದ ಬೊಜ್ಜು, ಸೋಂಕು ತಗುಲಿದ ಮೇಲೆ ಯಾರು ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ, ಯಾರು ತೀವ್ರ ನಿಗಾ ಘಟಕ ಸೇರುತ್ತಾರೆ ಎಂಬುದನ್ನು ನಿರ್ಧರಿಸಿದ ಪ್ರಮುಖ ಅಂಶಗಳಲ್ಲಿ ಒಂದಾಗಿತ್ತು ಎಂಬುದೇ ಆ ಪಾಠ.

ಆಡಳಿತದಲ್ಲಿಯೂ ಜನರ ಮನಸ್ಸಿನಲ್ಲಿಯೂ ಸಾಂಕ್ರಾಮಿಕ ರೋಗಗಳು ಒಂದು ಖಾತೆ, ಮಧುಮೇಹ, ರಕ್ತದೊತ್ತಡ, ಬೊಜ್ಜು ಮುಂತಾದ ಅಸಾಂಕ್ರಾಮಿಕ ರೋಗಗಳು ಇನ್ನೊಂದು ಖಾತೆ. ಮೊದಲನೆಯದು ತುರ್ತು ವಿಷಯ, ಎರಡನೆಯದು ನಿಧಾನವಾಗಿ ನೋಡಿಕೊಳ್ಳಬಹುದಾದ ವಿಷಯ ಎಂಬ ಭಾವನೆ ಬೇರೂರಿದೆ. ಈ ಎರಡೂ ಖಾತೆಗಳ ಬಾಕಿ ಒಂದೇ ದಿನ ತೀರಿಸಬೇಕಾಗಿ ಬರಬಹುದೆಂಬುದನ್ನು ಸಂಶೋಧನೆ ತೋರಿಸಿಕೊಟ್ಟಿದೆ. ದುಡಿಯುವ ವಯಸ್ಸಿನ ಜನರನ್ನೇ ಅವಲಂಬಿಸಿರುವ ಉದ್ಯಮಗಳಿಗೆ ಈ ಸಂಗತಿ ಮುಖ್ಯವಾದುದು.

2009ರ ಮುನ್ಸೂಚನೆ

ಹಂದಿಜ್ವರವೆಂದು ಜನಸಾಮಾನ್ಯರು ಕರೆದ ಎಚ್1ಎನ್1 ಜ್ವರವನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಮಹಾಸಾಂಕ್ರಾಮಿಕವೆಂದು ಘೋಷಿಸಿತು. ಅದಕ್ಕೂ ಮೊದಲು ಫ್ಲೂ ಜ್ವರದ ಅಪಾಯಕ್ಕೆ ಒಳಗಾಗುವವರ ಪಟ್ಟಿಯಲ್ಲಿ ವೃದ್ಧರು, ಶಿಶುಗಳು, ಗರ್ಭಿಣಿಯರು, ಹೃದ್ರೋಗಿಗಳು ಹಾಗೂ ಶ್ವಾಸಕೋಶದ ಕಾಯಿಲೆಯುಳ್ಳವರು ಇದ್ದರೇ ಹೊರತು ಬೊಜ್ಜಿನ ಹೆಸರು ಇರಲಿಲ್ಲ.

ಅದೇ ವರ್ಷ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ದಾಖಲಾಗಿದ್ದ ಎಚ್1ಎನ್1 ರೋಗಿಗಳ ಪೈಕಿ 10 ಮಂದಿಯ ವಿವರಗಳನ್ನು ವೈದ್ಯರು ಪ್ರಕಟಿಸಿದರು. ಅವರಲ್ಲಿ 9 ಮಂದಿ ಬೊಜ್ಜುಳ್ಳವರು, 7 ಮಂದಿ ಅತಿಯಾದ ಬೊಜ್ಜುಳ್ಳವರು. ಹತ್ತು ಜನರ ವಿವರದಿಂದ ಸಿದ್ಧಾಂತ ಮಾಡಲಾಗದು. ಆದರೆ ಕ್ಯಾಲಿಫೋರ್ನಿಯಾ ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಸಂಶೋಧಕರು ಆಸ್ಪತ್ರೆ ಸೇರಿದ್ದ 534 ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿ ಈ ಅನುಮಾನಕ್ಕೆ ಪುಷ್ಟಿ ನೀಡಿತು. ಅವರಲ್ಲಿ ಶೇ. 51ರಷ್ಟು ಮಂದಿ ಬೊಜ್ಜುಳ್ಳವರಾಗಿದ್ದರು. ಅತಿಯಾದ ಬೊಜ್ಜುಳ್ಳವರಲ್ಲಿ ಸಾವಿನ ಸಂಭವ ಹೆಚ್ಚಾಗಿತ್ತು. ಬೊಜ್ಜು ಎಂಬುದು ಹೊಸ ವೈರಾಣುವಿಗೆ ಹೊಸ ಅಪಾಯದ ಅಂಶವೆಂದು ಆಗಲೇ ದಾಖಲಾಯಿತು.

ಇಷ್ಟಾದರೂ ಮಹಾಸಾಂಕ್ರಾಮಿಕ ಸನ್ನದ್ಧತೆ ಎಂದರೆ ಲಸಿಕೆ, ಔಷಧ ದಾಸ್ತಾನು ಹಾಗೂ ವೆಂಟಿಲೇಟರುಗಳ ಸಂಖ್ಯೆ ಎಂಬ ತಿಳಿವಳಿಕೆಯೇ ಮುಂದುವರಿಯಿತು. 2009ರ ಜ್ವರ ನಿರೀಕ್ಷಿಸಿದಷ್ಟು ಮಾರಕವಾಗಲಿಲ್ಲವೆಂಬ ಸಮಾಧಾನದಲ್ಲಿ ಮುನ್ಸೂಚನೆ ಮರೆತುಹೋಯಿತು.

2020: ಅಂಕಿಗಳು ಹೇಳಿದ್ದೇನು?

ಕೋವಿಡ್-19ರ ಮೊದಲ ಅಲೆಯಲ್ಲೇ ಫ್ರಾನ್ಸಿನ ಲಿಲ್ ನಗರದ ಆಸ್ಪತ್ರೆಯಿಂದ ಬಂದ ವರದಿ ಎಲ್ಲರ ಗಮನ ಸೆಳೆಯಿತು. ಅಲ್ಲಿನ ತೀವ್ರ ನಿಗಾ ಘಟಕದಲ್ಲಿದ್ದ 124 ರೋಗಿಗಳ ಪೈಕಿ ಶೇ. 47.6ರಷ್ಟು ಮಂದಿ ಬೊಜ್ಜುಳ್ಳವರು. ತೂಕ ಹೆಚ್ಚಿದಂತೆ ಕೃತಕ ಉಸಿರಾಟದ ಅಗತ್ಯವೂ ಹೆಚ್ಚುತ್ತಾ ಹೋಗಿ, ಅತ್ಯಧಿಕ ತೂಕದ ಗುಂಪಿನಲ್ಲಿ ಶೇ. 85.7ರಷ್ಟು ಮಂದಿಗೆ ವೆಂಟಿಲೇಟರ್ ಬೇಕಾಯಿತು. ನ್ಯೂಯಾರ್ಕ್ ನಗರದ ಒಂದು ಅಧ್ಯಯನದ ಪ್ರಕಾರ, 60 ವರ್ಷದೊಳಗಿನ ರೋಗಿಗಳಲ್ಲಿ ಸಾಧಾರಣ ಬೊಜ್ಜುಳ್ಳವರು ಆಸ್ಪತ್ರೆ ಸೇರುವ ಸಂಭವ ಬೊಜ್ಜಿಲ್ಲದವರಿಗಿಂತ ಎರಡು ಪಟ್ಟು ಹೆಚ್ಚಾಗಿತ್ತು.

ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಬ್ಯಾರಿ ಪಾಪ್ಕಿನ್ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಬೊಜ್ಜುಳ್ಳವರಲ್ಲಿ ಆಸ್ಪತ್ರೆ ಸೇರುವ ಸಂಭವ ಶೇ. 113, ತೀವ್ರ ನಿಗಾ ಘಟಕ ಸೇರುವ ಸಂಭವ ಶೇ. 74 ಹಾಗೂ ಸಾವಿನ ಸಂಭವ ಶೇ. 48ರಷ್ಟು ಅಧಿಕವಾಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರ ಮಾರ್ಚ್‌ನಲ್ಲಿ 238 ಆಸ್ಪತ್ರೆಗಳ 1,48,494 ವಯಸ್ಕ ರೋಗಿಗಳ ಲೆಕ್ಕ ನೀಡಿತು. ಅವರಲ್ಲಿ ಶೇ. 50.8ರಷ್ಟು ಮಂದಿ ಬೊಜ್ಜುಳ್ಳವರು, ಇನ್ನೂ ಶೇ. 28.3ರಷ್ಟು ಮಂದಿ ಅಧಿಕ ತೂಕದವರು.

ವಾಣಿಜ್ಯೋದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದುದು ಇಂಗ್ಲೆಂಡಿನ ಅಧ್ಯಯನವನ್ನು. 2021ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ 69 ಲಕ್ಷ ಜನರ ವೈದ್ಯಕೀಯ ದಾಖಲೆಗಳು ಆಧಾರ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 23ನ್ನು ದಾಟಿದ ಮೇಲೆ ಪ್ರತಿ ಒಂದು ಅಂಶದ ಏರಿಕೆಗೆ ಆಸ್ಪತ್ರೆ ಸೇರುವ ಅಪಾಯ ಶೇ. 5ರಷ್ಟು ಏರಿತು. ತೀವ್ರ ನಿಗಾ ಘಟಕ ಸೇರುವ ಅಪಾಯ ಪ್ರತಿ ಅಂಶಕ್ಕೆ ಶೇ. 10ರಷ್ಟು ಏರಿತು. ಇದು ಚಕ್ರಬಡ್ಡಿಯಂತೆ ಬೆಳೆಯುವ ಲೆಕ್ಕ. ಸೂಚ್ಯಂಕ 23ರಿಂದ 30ಕ್ಕೆ ಏರಿದವನಲ್ಲಿ ಮೊದಲನೆಯ ಅಪಾಯ ಸುಮಾರು ಶೇ. 40ರಷ್ಟು ಹೆಚ್ಚಿದರೆ, ಎರಡನೆಯದು ಸುಮಾರು ಎರಡು ಪಟ್ಟಾಗುತ್ತದೆ. ತೂಕದ ಈ ಪ್ರಭಾವ 40 ವರ್ಷದೊಳಗಿನವರಲ್ಲಿ ಹೆಚ್ಚು ಪ್ರಬಲವಾಗಿತ್ತು ಎಂಬುದೂ ಅದೇ ಅಧ್ಯಯನದ ನಿಷ್ಕರ್ಷೆ. ವಯಸ್ಸು ಕೊಡುವ ರಕ್ಷಣೆಯನ್ನು ತೂಕ ಕಸಿದುಕೊಳ್ಳುತ್ತದೆ ಎಂದು ಇದನ್ನು ಅರ್ಥೈಸಬಹುದು. ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ದುಡಿಯುವವರು ಬಹುಪಾಲು ಈ ವಯಸ್ಸಿನವರೇ.

ಇದರೊಂದಿಗೆ ಕೆಲವು ಎಚ್ಚರಿಕೆಗಳೂ ಅವಶ್ಯ. ಇವೆಲ್ಲ ದಾಖಲೆಗಳನ್ನು ಅವಲೋಕಿಸಿ ಮಾಡಿದ ಅಧ್ಯಯನಗಳು. ಬಡತನ, ಇಕ್ಕಟ್ಟಾದ ವಸತಿ, ಉದ್ಯೋಗದ ಸ್ವರೂಪ ಮುಂತಾದವು ತೂಕದೊಡನೆ ಹೆಣೆದುಕೊಂಡಿರುತ್ತವೆ. ಕೋವಿಡ್ ಸಾವಿನಲ್ಲಿ ವಯಸ್ಸಿನ ಪಾತ್ರ ಉಳಿದೆಲ್ಲ ಅಂಶಗಳಿಗಿಂತ ದೊಡ್ಡದಾಗಿತ್ತು. ತೂಕ ತೀರಾ ಕಡಿಮೆಯಿದ್ದವರಲ್ಲಿಯೂ ಅಪಾಯ ಹೆಚ್ಚಿತ್ತು. ಈ ಮಿತಿಗಳನ್ನು ಒಪ್ಪಿಕೊಂಡರೂ, ಬೇರೆ ಬೇರೆ ದೇಶಗಳಲ್ಲಿ ಎರಡು ಬೇರೆ ವೈರಾಣುಗಳ ವಿಷಯದಲ್ಲಿ ಒಂದೇ ಬಗೆಯ ಫಲಿತಾಂಶ ಬಂದಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಬೊಜ್ಜು ಸೋಂಕನ್ನು ಉಲ್ಬಣಗೊಳಿಸುವ ಬಗೆ

ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಉಸಿರಾಟಕ್ಕೆ ಸಂಬಂಧಿಸಿದ್ದು. ಹೊಟ್ಟೆಯೊಳಗಿನ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶ ಪೂರ್ಣವಾಗಿ ಹಿಗ್ಗಲಾರದು. ಆರೋಗ್ಯದ ದಿನಗಳಲ್ಲಿ ಗೊತ್ತಾಗದ ಈ ಕೊರತೆ, ನ್ಯುಮೋನಿಯಾ ತಗುಲಿದಾಗ ಪ್ರಾಣಕ್ಕೆ ಎರವಾಗುತ್ತದೆ.

ಎರಡನೆಯದು ಉರಿಯೂತ. ಕೊಬ್ಬಿನ ಅಂಗಾಂಶ ಕೇವಲ ಉಗ್ರಾಣವಲ್ಲ. ಅದು ಹಾರ್ಮೋನುಗಳನ್ನೂ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನೂ ಸದಾ ಸ್ರವಿಸುತ್ತಿರುವ ಅಂಗ. ಹೀಗೆ ಸಣ್ಣ ಉರಿಯಲ್ಲಿ ಸದಾ ಬೇಯುತ್ತಿರುವ ದೇಹಕ್ಕೆ ವೈರಾಣು ಪ್ರವೇಶಿಸಿದಾಗ ರೋಗನಿರೋಧಕ ವ್ಯವಸ್ಥೆ ಮೊದಲು ತಡವಾಗಿ, ಅನಂತರ ಅತಿಯಾಗಿ ಪ್ರತಿಕ್ರಿಯಿಸುವ ಸಂಭವವಿದೆ.

ಮೂರನೆಯದು ಜೊತೆಗಾರ ರೋಗಗಳು. ಮಧುಮೇಹ, ಅಧಿಕ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಇವೆಲ್ಲ ಬೊಜ್ಜಿನ ಬೆನ್ನಿಗೇ ಬರುತ್ತವೆ. ನಾಲ್ಕನೆಯದು ಲಸಿಕೆ ಮತ್ತು ಸೋಂಕಿನ ಅವಧಿಗೆ ಸಂಬಂಧಿಸಿದ್ದು. ಬೊಜ್ಜುಳ್ಳವರಲ್ಲಿ ಫ್ಲೂ ಲಸಿಕೆಯಿಂದ ಪ್ರತಿಕಾಯಗಳು ಮೊದಲಿಗೆ ಚೆನ್ನಾಗಿಯೇ ಉತ್ಪತ್ತಿಯಾದರೂ ವರ್ಷದೊಳಗೆ ಬೇಗನೆ ಕುಸಿಯುತ್ತವೆಂದು ಉತ್ತರ ಕ್ಯಾರೊಲಿನಾದ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ನಿಕರಾಗುವಾ ದೇಶದ ಕುಟುಂಬಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಲಕ್ಷಣವಿದ್ದ ಬೊಜ್ಜುಳ್ಳ ವಯಸ್ಕರು ಇನ್‌ಫ್ಲುಯೆಂಜಾ-ಎ ವೈರಾಣುವನ್ನು ಇತರರಿಗಿಂತ ಶೇ. 42ರಷ್ಟು ದೀರ್ಘಕಾಲ ಹೊರಸೂಸುತ್ತಿದ್ದುದು ಕಂಡುಬಂದಿತು. ಬೊಜ್ಜು ವ್ಯಕ್ತಿಯೊಬ್ಬನ ಖಾಸಗಿ ವಿಷಯವಾಗಿ ಉಳಿಯದೆ, ಒಂದೇ ಸೂರಿನಡಿ ಕೆಲಸ ಮಾಡುವ ಎಲ್ಲರ ವಿಷಯವಾಗುವುದು ಇಲ್ಲಿಯೇ.

ತೆಳ್ಳಗೆ ಕಾಣುವವರ ಬೊಜ್ಜು

ಅಮೆರಿಕ, ಯೂರೋಪುಗಳ ದಢೂತಿ ದೇಹಗಳ ಕಥೆ ನಮಗೇಕೆ ಎಂದು ಕೆಲವರಾದರೂ ಕೇಳಬಹುದು. ಇದಕ್ಕೆ ಉತ್ತರ ಪುಣೆ ಮತ್ತು ಮೈಸೂರಿನ ಸಂಶೋಧನೆಗಳಲ್ಲಿದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಭಾವಚಿತ್ರವನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಒಂದೇ ತಕ್ಕಡಿ, ಒಂದೇ ತೂಕ, ಒಳಗಿನ ಸರಕು ಮಾತ್ರ ಬೇರೆ. ಪುಣೆಯ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಿಮೆಯಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟೇನೂ ಕಡಿಮೆಯಿರಲಿಲ್ಲವೆಂಬುದನ್ನೂ ಯಾಜ್ಞಿಕ್ ತಂಡ ತೋರಿಸಿತು.

ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದೇ ಪರಿಚಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ವಿಭಾಗದ ಹಳೆಯ ದಾಖಲೆ ಪುಸ್ತಕಗಳು ಈ ಕ್ಷೇತ್ರದಲ್ಲಿ ವಿಶ್ವಮಾನ್ಯತೆ ಪಡೆದಿವೆ. 1934ರಿಂದ 1954ರವರೆಗೆ ಅಲ್ಲಿ ಜನಿಸಿದ್ದವರನ್ನು ಪತ್ತೆಹಚ್ಚಿ ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮಧ್ಯವಯಸ್ಸಿನ ಹೃದ್ರೋಗ ಹೆಚ್ಚೆಂಬುದು ಅದರ ಮುಖ್ಯ ಶೋಧನೆ. 1990ರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಯಲ್ಲಿ ಆರಂಭಗೊಂಡ ಪಾರ್ಥೆನಾನ್ ಅಧ್ಯಯನ ಮೈಸೂರಿನ ಶಿಶುಗಳಲ್ಲಿಯೂ ಸಣ್ಣ ದೇಹ, ಉಳಿದುಕೊಂಡ ಕೊಬ್ಬು ಎಂಬ ಲಕ್ಷಣವನ್ನು ಗುರುತಿಸಿತು. ತಲೆಮಾರುಗಳ ಅಪೌಷ್ಟಿಕತೆಯನ್ನು ದಾಟಿ ಬಂದ ದೇಹಕ್ಕೆ ಕೆಲವೇ ದಶಕಗಳಲ್ಲಿ ಸಮೃದ್ಧ ಆಹಾರ ಮತ್ತು ಕುಳಿತು ಮಾಡುವ ಕೆಲಸ ಒದಗಿದಾಗ, ಸೊಂಟದ ಸುತ್ತಲೇ ಬೊಜ್ಜು ಕೂಡುತ್ತದೆ.

ಆದ್ದರಿಂದಲೇ ಭಾರತೀಯ ತಜ್ಞರು 2009ರ ಒಮ್ಮತದ ಮಾರ್ಗಸೂಚಿಯಲ್ಲಿ ಸೂಚ್ಯಂಕ 23ಕ್ಕೆ ಅಧಿಕ ತೂಕವೆಂದೂ 25ಕ್ಕೆ ಬೊಜ್ಜೆಂದೂ ಮಿತಿ ಇಳಿಸಿದರು. ಪಾಶ್ಚಾತ್ಯರಿಗೆ ಈ ಮಿತಿಗಳು 25 ಮತ್ತು 30. ಸರಳವಾಗಿ ಹೇಳುವುದಾದರೆ, 165 ಸೆಂಟಿಮೀಟರ್ ಎತ್ತರದವರಿಗೆ 63 ಕಿಲೋ ಸಮೀಪಿಸಿದಾಗ ಮೊದಲ ಗಂಟೆ, 68 ಕಿಲೋ ದಾಟಿದಾಗ ಎರಡನೆಯ ಗಂಟೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಬಾರದು.

ನಮ್ಮ ರಾಜ್ಯ, ನಮ್ಮ ದೇಶ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಸೂಚ್ಯಂಕ 25ನ್ನು ಮಿತಿಯಾಗಿಟ್ಟುಕೊಂಡು ಲೆಕ್ಕ ಮಾಡುತ್ತದೆ. ಅದರ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ. 23.3ರಷ್ಟಿದ್ದ ಅಧಿಕ ತೂಕದ ಮಹಿಳೆಯರ ಪ್ರಮಾಣ 2019-21ರ ವೇಳೆಗೆ ಶೇ. 30.1ಕ್ಕೂ, ಪುರುಷರ ಪ್ರಮಾಣ ಶೇ. 22.1ರಿಂದ 30.9ಕ್ಕೂ ಏರಿತು. ಎರಡೂ ರಾಷ್ಟ್ರೀಯ ಸರಾಸರಿಗಿಂತ ಅಧಿಕ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 17.2ರಷ್ಟು ಮಹಿಳೆಯರು ಕಡಿಮೆ ತೂಕದವರು. ಕೊರತೆ ಮತ್ತು ಅತಿರೇಕ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ವಾಸಿಸುತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು 10.1 ಕೋಟಿ ಮಧುಮೇಹಿಗಳನ್ನೂ, ಶೇ. 39.5ರಷ್ಟು ವಯಸ್ಕರಲ್ಲಿ ಹೊಟ್ಟೆಯ ಬೊಜ್ಜನ್ನೂ ಅಂದಾಜಿಸಿತು.

ಇದರ ಪರಿಣಾಮ 2021ರಲ್ಲಿ ಕಣ್ಣಿಗೆ ಕಟ್ಟಿತು. ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಭಾರತದಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತು. ಹತೋಟಿಯಲ್ಲಿಲ್ಲದ ಮಧುಮೇಹ, ಅದರ ಮೇಲೆ ಸ್ಟೀರಾಯ್ಡ್ ಬಳಕೆ ಇದಕ್ಕೆ ಮುಖ್ಯ ಕಾರಣಗಳು. ಆ ವರ್ಷದ ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು.

ನೀತಿ ನಿರೂಪಣೆಯಲ್ಲಿ ಬೊಜ್ಜಿಗೆ ಎಷ್ಟು ಸ್ಥಾನವಿತ್ತು ಎಂಬುದಕ್ಕೂ ಒಂದು ನಿದರ್ಶನವಿದೆ. 2021ರ ಮಾರ್ಚ್ 1ರಿಂದ 45ರಿಂದ 59 ವರ್ಷದವರ ಪೈಕಿ ಅನ್ಯ ಕಾಯಿಲೆಗಳಿದ್ದವರಿಗೆ ಆದ್ಯತೆಯ ಮೇಲೆ ಲಸಿಕೆ ನೀಡಲು ಕೇಂದ್ರವು 20 ಕಾಯಿಲೆಗಳ ಪಟ್ಟಿ ಪ್ರಕಟಿಸಿತು. ಅದರಲ್ಲಿ ಹತ್ತು ವರ್ಷಕ್ಕೂ ಹಳೆಯದಾದ ಮಧುಮೇಹ ಇತ್ತು. ಬೊಜ್ಜು ಇರಲಿಲ್ಲ. ಬ್ರಿಟನ್ ತನ್ನ ಆದ್ಯತಾ ಗುಂಪುಗಳಲ್ಲಿ ಅತಿಯಾದ ಬೊಜ್ಜನ್ನು ಸೇರಿಸಿತ್ತು. ಏಪ್ರಿಲ್ 1ರಿಂದ 45 ವರ್ಷ ಮೀರಿದ ಎಲ್ಲರಿಗೂ ಲಸಿಕೆ ದೊರೆತುದರಿಂದ ಈ ವ್ಯತ್ಯಾಸ ಒಂದೇ ತಿಂಗಳದ್ದಾಯಿತು. ಆದರೂ ಮುಂದಿನ ಪಟ್ಟಿ ಸಿದ್ಧಪಡಿಸುವಾಗ ಇದನ್ನು ನೆನಪಿಡಬೇಕು.

ಎರಡೂ ದಿಕ್ಕಿನ ಸಂಚಾರ

ಬೊಜ್ಜು ಮಹಾಸಾಂಕ್ರಾಮಿಕವನ್ನು ಉಲ್ಬಣಗೊಳಿಸಿದಂತೆ ಮಹಾಸಾಂಕ್ರಾಮಿಕವೂ ಬೊಜ್ಜನ್ನು ಬೆಳೆಸಿತು. ಅಮೆರಿಕದ 4,32,302 ಮಕ್ಕಳು ಮತ್ತು ಹದಿಹರೆಯದವರ ಅಧ್ಯಯನದಂತೆ, ಕೋವಿಡ್ ಅವಧಿಯಲ್ಲಿ ಅವರ ಸೂಚ್ಯಂಕ ಏರುವ ವೇಗ ಮೊದಲಿಗಿಂತ ಸುಮಾರು ಎರಡು ಪಟ್ಟಾಯಿತು. ಶಾಲೆ ಮುಚ್ಚಿತು, ಆಟ ನಿಂತಿತು, ಪರದೆಯ ಮುಂದಿನ ವೇಳೆ ಹೆಚ್ಚಿತು. ಆ ಮಕ್ಕಳೇ ನಾಳಿನ ಉದ್ಯೋಗಿಗಳು.

ಹೀಗೆ ಎರಡು ಪಿಡುಗುಗಳು ಒಂದನ್ನೊಂದು ಪೋಷಿಸುವ, ಬಡತನ ಮತ್ತು ಅಸಮಾನತೆ ಎರಡಕ್ಕೂ ನೆಲ ಹದಮಾಡಿಕೊಡುವ ಸ್ಥಿತಿಯನ್ನು ಮಾನವಶಾಸ್ತ್ರಜ್ಞ ಮೆರಿಲ್ ಸಿಂಗರ್ 1990ರ ದಶಕದಲ್ಲಿ ಸಿಂಡೆಮಿಕ್ ಎಂಬ ಪದದಿಂದ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 89 ಕೋಟಿ ವಯಸ್ಕರು ಬೊಜ್ಜುಳ್ಳವರಾಗಿದ್ದರು. 1990ಕ್ಕೆ ಹೋಲಿಸಿದರೆ ವಯಸ್ಕರಲ್ಲಿ ಬೊಜ್ಜಿನ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಗಿದೆ. ಮುಂದಿನ ವೈರಾಣು ಯಾವುದೇ ಆಗಲಿ, ಅದು ಎದುರಿಸಲಿರುವುದು ಹಿಂದಿಗಿಂತ ಹೆಚ್ಚು ತೂಕದ ಜನಸಮೂಹವನ್ನು.

ಆಹಾರೋದ್ಯಮಕ್ಕೆ ಇದರ ಅರ್ಥ

ನಮ್ಮ ಸದಸ್ಯರಲ್ಲಿ ಹೋಟೆಲು, ಬೇಕರಿ, ಖಾದ್ಯತೈಲ, ತಂಪು ಪಾನೀಯ ಮತ್ತು ಕುರುಕಲು ತಿಂಡಿ ತಯಾರಕರೂ ಇದ್ದಾರೆ. ಈ ಚರ್ಚೆ ತಮ್ಮನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತದೆಂಬ ಆತಂಕ ಅವರಿಗಿರುವುದು ಸಹಜ. ಬೊಜ್ಜಿಗೆ ಒಂದೇ ಕಾರಣವಿಲ್ಲ, ಒಂದೇ ಉದ್ಯಮವೂ ಹೊಣೆಯಲ್ಲ. ಆದರೆ ಮಹಾಸಾಂಕ್ರಾಮಿಕದ ಅನುಭವದ ನಂತರ ಸರ್ಕಾರಗಳು ಸುಮ್ಮನಿರಲಾರವು ಎಂಬುದನ್ನು ಗ್ರಹಿಸುವುದು ವ್ಯವಹಾರ ಚಾತುರ್ಯ.

ಬ್ರಿಟನ್ನಿನ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀವ್ರ ನಿಗಾ ಘಟಕ ಸೇರಿದ್ದರು. ತಮ್ಮ ಅಧಿಕ ತೂಕದ ಬಗ್ಗೆ ಅವರೇ ಸಾರ್ವಜನಿಕವಾಗಿ ಮಾತನಾಡಿ ಜುಲೈನಲ್ಲಿ ಬೊಜ್ಜು ನಿವಾರಣಾ ಕಾರ್ಯನೀತಿ ಪ್ರಕಟಿಸಿದರು. ಅದರ ಫಲವಾಗಿ ಇಂಗ್ಲೆಂಡಿನ ದೊಡ್ಡ ಅಂಗಡಿಗಳಲ್ಲಿ ಅನಾರೋಗ್ಯಕರ ತಿನಿಸುಗಳನ್ನು ಪ್ರವೇಶದ್ವಾರ ಮತ್ತು ಹಣ ಪಾವತಿಸುವ ಕೌಂಟರಿನ ಬಳಿ ಇಡುವುದಕ್ಕೆ 2022ರ ಅಕ್ಟೋಬರ್‌ನಿಂದ ನಿರ್ಬಂಧ ಬಂದಿತು. ಒಂದು ಕೊಂಡರೆ ಒಂದು ಉಚಿತ ಎಂಬಂಥ ಕೊಡುಗೆಗಳ ಮೇಲಿನ ನಿರ್ಬಂಧ 2025ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಮೆಕ್ಸಿಕೋ 2020ರ ಅಕ್ಟೋಬರ್‌ನಿಂದ ಪೊಟ್ಟಣದ ಮುಂಭಾಗದಲ್ಲೇ ಕಪ್ಪು ಎಚ್ಚರಿಕೆ ಚಿಹ್ನೆಗಳನ್ನು ಕಡ್ಡಾಯಗೊಳಿಸಿತು. ಮೆಕ್ಸಿಕೋಗೆ ರಫ್ತು ಮಾಡುವವರು ಈ ಚಿಹ್ನೆಗಳ ನಿಯಮವನ್ನು ಪಾಲಿಸಲೇಬೇಕು.

ತೆರಿಗೆಯ ವಿಷಯದಲ್ಲಿ ಬ್ರಿಟನ್ನಿನ ಇನ್ನೊಂದು ಅನುಭವ ಅಧ್ಯಯನಯೋಗ್ಯ. ಅಲ್ಲಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಂಪು ಪಾನೀಯಗಳ ಸುಂಕವು ಪಾನೀಯದಲ್ಲಿರುವ ಸಕ್ಕರೆಯ ಸಾಂದ್ರತೆಯನ್ನು ಅವಲಂಬಿಸಿದೆ. ಎರಡು ವರ್ಷ ಮುಂಚಿತವಾಗಿ ಪ್ರಕಟಣೆ ಹೊರಬಿದ್ದುದರಿಂದ ಅರ್ಧಕ್ಕೂ ಹೆಚ್ಚು ತಯಾರಕರು ಸುಂಕ ಜಾರಿಯಾಗುವ ಮೊದಲೇ ಸಕ್ಕರೆ ಇಳಿಸಿದರು. ವರ್ಷಕ್ಕೆ 4.5 ಕೋಟಿ ಕಿಲೋ ಸಕ್ಕರೆ ಕಡಿಮೆಯಾಯಿತೆಂದು ಅಲ್ಲಿನ ಖಜಾನೆ ಇಲಾಖೆ ಅಂದಾಜಿಸಿತು. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಸೇರಿಸಿದ ಇಂಗಾಲೀಕೃತ ಪಾನೀಯಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 40. ಸಕ್ಕರೆ ಕಡಿಮೆ ಮಾಡಿದವನಿಗೂ ಮಾಡದವನಿಗೂ ದರ ಒಂದೇ ಆಗಿರುವುದರಿಂದ ಸುಧಾರಣೆಗೆ ಪ್ರೋತ್ಸಾಹವಿಲ್ಲ. ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ದರ ಇರಲಿ ಎಂದು ಕೋರಲು ವಾಣಿಜ್ಯ ಸಂಸ್ಥೆಗಳಿಗೆ ಇಲ್ಲಿ ನ್ಯಾಯವಾದ ಆಧಾರವಿದೆ.

ಬದಲಾವಣೆ ಅಸಾಧ್ಯವೆಂಬ ವಾದವೂ ನಿಲ್ಲಲಾರದು. ಖಾದ್ಯತೈಲ ಮತ್ತು ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಶೇ. 3ಕ್ಕೂ 2022ರ ಜನವರಿಯಿಂದ ಶೇ. 2ಕ್ಕೂ ಇಳಿಸಿತು. ಕಾಲಾವಕಾಶ ಮತ್ತು ಸ್ಪಷ್ಟ ನಿಯಮ ಎರಡೂ ದೊರೆತರೆ ಹೊಂದಿಕೊಳ್ಳುವ ಸಾಮರ್ಥ್ಯ ನಮ್ಮ ಉದ್ಯಮಕ್ಕಿದೆ.

ಉದ್ಯಮಗಳು ಕೈಗೊಳ್ಳಬಹುದಾದ ಕ್ರಮಗಳು

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ವಾರ್ಷಿಕ ಉಚಿತ ಆರೋಗ್ಯ ತಪಾಸಣೆ ಹಾಗೂ ಕ್ಯಾಂಟೀನಿನ ವಿಷಯಗಳನ್ನು ಒಳಗೊಂಡಿದೆ. ಹಳೆಯ ಕಾರ್ಖಾನೆಗಳ ಕಾಯಿದೆಯಡಿ 250ಕ್ಕೂ ಹೆಚ್ಚು ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿದ್ದ ಕ್ಯಾಂಟೀನಿನ ನಿಯಮ, ಹೊಸ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರೂ ಸೇರಿ 100 ಮಂದಿ ಇರುವ ಸಂಸ್ಥೆಗಳಿಗೂ ವಿಸ್ತರಿಸಿದೆ. ಇದನ್ನು ಕೇವಲ ಕಾನೂನು ಪಾಲನೆಯೆಂದು ಭಾವಿಸದೆ ಈ ಕೆಳಗಿನಂತೆ ಸದುಪಯೋಗಪಡಿಸಿಕೊಳ್ಳಬಹುದು.

1. ವಾರ್ಷಿಕ ತಪಾಸಣೆಯಲ್ಲಿ ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಈ ಐದೂ ಇರಲಿ. ಮೊದಲ ಮೂರಕ್ಕೆ ಬೇಕಾದುದು ಒಂದು ತಕ್ಕಡಿ ಮತ್ತು ಟೇಪು ಮಾತ್ರ. ಫಲಿತಾಂಶ ಉದ್ಯೋಗಿಗೂ ವೈದ್ಯರಿಗೂ ತಿಳಿಯಲಿ. ಮೇಲ್ವಿಚಾರಕರ ಕೈಗೆ ಒಟ್ಟು ಅಂಕಿ ಮಾತ್ರ ತಲುಪಲಿ.

2. ಕ್ಯಾಂಟೀನಿನಲ್ಲಿ ತಿಂಗಳಿಗೆ ಖರ್ಚಾಗುವ ಎಣ್ಣೆ ಮತ್ತು ಸಕ್ಕರೆಯನ್ನು ಬಡಿಸಿದ ಊಟ, ತಿಂಡಿ, ಚಹಾಗಳ ಸಂಖ್ಯೆಯಿಂದ ಭಾಗಿಸಿ ನೋಡಲಿ. ಈ ಲೆಕ್ಕ ಹಾಕಿದ ದಿನವೇ ಉಳಿತಾಯಕ್ಕೆ ದಾರಿ ಕಾಣುತ್ತದೆ. ಬೋಂಡ, ಬಜ್ಜಿ ನಿತ್ಯದ ಬದಲು ವಾರಕ್ಕೊಮ್ಮೆ ಇರಲಿ. ಮುದ್ದೆ, ಜೋಳದ ರೊಟ್ಟಿ, ಕಾಳಿನ ಸಾರು, ಕೋಸಂಬರಿ, ಮಜ್ಜಿಗೆ ನಮ್ಮದೇ ಊಟ. ಅದಕ್ಕಾಗಿ ಹೊರಗಿನ ತಜ್ಞರನ್ನು ಕರೆಸಬೇಕಾಗಿಲ್ಲ.

3. ರಾತ್ರಿ ಪಾಳಿಯವರಿಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ದೊರೆಯಲಿ. ದಿನವಿಡೀ ಕುಳಿತು ಮಾಡುವ ಕೆಲಸದಲ್ಲಿ ಎದ್ದು ಓಡಾಡಲು ಬಿಡುವು ನೀಡುವುದನ್ನು ಸಮಯದ ನಷ್ಟವೆಂದು ಎಣಿಸಬಾರದು.

4. ತುರ್ತು ಪರಿಸ್ಥಿತಿಯ ಯೋಜನೆಯಲ್ಲಿ ಪ್ರಮುಖ ಹುದ್ದೆಗಳಿಗೆ ಬದಲಿ ವ್ಯಕ್ತಿಯನ್ನು ಮೊದಲೇ ತರಬೇತುಗೊಳಿಸಬೇಕು. ಮಧುಮೇಹ, ಬೊಜ್ಜು ಉಳ್ಳವರು ವೈದ್ಯರ ಸಲಹೆಯಂತೆ ಫ್ಲೂ ಲಸಿಕೆಯನ್ನು ವರ್ಷ ವರ್ಷವೂ ಪಡೆಯಲು ಸಂಸ್ಥೆ ನೆರವಾಗಬೇಕು.

5. ತೂಕದ ಕಾರಣದಿಂದ ಯಾರಿಗೂ ಉದ್ಯೋಗ, ಬಡ್ತಿ ತಪ್ಪಬಾರದು. ಅಪಹಾಸ್ಯಕ್ಕೆ ಹೆದರಿದವನು ತಪಾಸಣೆಯಿಂದ ದೂರ ಉಳಿಯುತ್ತಾನೆ. ಕಾಯಿಲೆ ಬಲಿತ ಮೇಲೆಯೇ ಅವನು ಆಸ್ಪತ್ರೆಗೆ ಬರುವಂತಾಗುತ್ತದೆ.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಿಂದ ಭಾರತದ ಮಾರುಕಟ್ಟೆಗೂ ಬಂದಿವೆ. ಅಗತ್ಯವಿರುವವರಿಗೆ ವೈದ್ಯರ ನಿಗಾದಲ್ಲಿ ಅವು ಉಪಯುಕ್ತ. ಆದರೆ ಇಡೀ ಕಾರ್ಖಾನೆಯ ಊಟದ ತಟ್ಟೆಯನ್ನು ಸರಿಪಡಿಸುವ ಕೆಲಸಕ್ಕೆ ಅವು ಬದಲಿಯಾಗಲಾರವು.

ಮೀಸಲು ನಿಧಿ

ಲಾಭದ ವರ್ಷದಲ್ಲಿ ಮೀಸಲು ನಿಧಿಗೆ ಹಣ ತೆಗೆದಿಡದವನು ನಷ್ಟದ ವರ್ಷದಲ್ಲಿ ಸಾಲಗಾರನ ಬಾಗಿಲಿಗೆ ಹೋಗಬೇಕಾಗುತ್ತದೆ. ದೇಹದ ವಿಷಯವೂ ಇದೇ. ಶ್ವಾಸಕೋಶದ, ಹೃದಯದ, ರೋಗನಿರೋಧಕ ಶಕ್ತಿಯ ಮೀಸಲನ್ನು ಸಾಂಕ್ರಾಮಿಕ ಬಂದ ವಾರದಲ್ಲಿ ಕೂಡಿಸಲಾಗದು. ಲಸಿಕೆಯನ್ನು ವರ್ಷದೊಳಗೆ ಕಂಡುಹಿಡಿಯಬಹುದೆಂದು 2020 ತೋರಿಸಿತು. ಜನಸಮೂಹದ ತೂಕವನ್ನು ಒಂದೇ ವರ್ಷದಲ್ಲಿ ಇಳಿಸಿದ ಉದಾಹರಣೆ ಎಲ್ಲಿಯೂ ಇಲ್ಲ.

2009ರಲ್ಲಿ ಸಿಕ್ಕ ಎಚ್ಚರಿಕೆ ಮತ್ತು 2020ರ ವಿಪತ್ತಿನ ನಡುವೆ ಹನ್ನೊಂದು ವರ್ಷಗಳ ಕಾಲಾವಕಾಶವಿತ್ತು. ಮುಂದಿನ ಮಹಾಸಾಂಕ್ರಾಮಿಕಕ್ಕೆ ಎಷ್ಟು ವರ್ಷಗಳ ಅವಕಾಶವಿದೆಯೆಂದು ಹೇಳಬಲ್ಲವರಿಲ್ಲ. ಸದಸ್ಯ ಬಾಂಧವರು ಬರುವ ಆರ್ಥಿಕ ವರ್ಷದ ಆಯವ್ಯಯ ಸಿದ್ಧಪಡಿಸುವಾಗ ಯಂತ್ರೋಪಕರಣಗಳ ನಿರ್ವಹಣೆಗೆ ಹಣ ಕಾದಿರಿಸಿದಂತೆ ಅವನ್ನು ನಡೆಸುವ ಜನರ ಆರೋಗ್ಯಕ್ಕೂ ಒಂದು ಬಾಬತ್ತನ್ನು ತೆರೆಯುವುದು ಯುಕ್ತ. ಅದರ ಪ್ರಾರಂಭಿಕ ವೆಚ್ಚ ಒಂದು ತಕ್ಕಡಿ, ಒಂದು ಅಳತೆ ಟೇಪು ಮತ್ತು ಕ್ಯಾಂಟೀನಿನ ಎಣ್ಣೆ ಡಬ್ಬಗಳ ಲೆಕ್ಕ.